ಇನ್ನೂರು ಹೆಜ್ಜೆ ಈಚೆ

ಇಲ್ಲೇ ಇರು, ಅನ್ನುತ್ತಾನೆ ಬಗಂಬಾಕಿ,
ಕೋವಿಯ ಪಟ್ಟಿ ಸರಿಮಾಡಿಕೊಂಡು.
ಪ್ರತಿಸಲವೂ ಇದೇ ಮಾತು, ನಾನೇನೋ ಓಡಿಹೋಗುವವಳಂತೆ.
ಅವರು ಬಾಯಿಮೂಗಿಗೆ ಬಟ್ಟೆ ಕಟ್ಟಿ
ಜರಿಗಿಡಗಳ ಸಂದಿಯಲ್ಲಿ ಒಬ್ಬೊಬ್ಬರಾಗಿ ಕರಗುತ್ತಾರೆ.
ಈಚೆ ಉಳಿಯುವುದು ಊರುಗೋಲು, ಅರ್ಧ ತಿಂದ ಬಿಸ್ಕತ್ತು,
ಆಗಲೇ ನಿದ್ದೆಹೋದ ಇಬ್ಬರು ಕೂಲಿಹುಡುಗರು,
ಆರು ಚೀಲ, ಏಳನೆಯದಾಗಿ ನಾನು.

ಬ್ವಿಂಡಿಯ ಕಾಡಲ್ಲಿ ಹನ್ನೊಂದು ವರ್ಷ.
ಒಂದು ದಿನವೂ ನೋಡಿಲ್ಲ.

ನೋಡಿಲ್ಲ ಅಂದರೆ ಸಂತೆಯಲ್ಲಿ ನಗುತ್ತಾರೆ, ನಗಲಿ.
ಗೊತ್ತಿಲ್ಲ ಅಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.
ನಿನ್ನೆ ಎಷ್ಟು ಹಾಸಿಗೆ ಹಾಸಿದವೆಂದು ಗೊತ್ತು.
ಕೊಂಬೆ ಬಗ್ಗಿಸಿ, ಮಡಚಿ, ಕೆಳಗೆ ತುರುಕಿ,
ಒಂದೇ ರಾತ್ರಿಗೆ ಅಷ್ಟೊಂದು ಅಚ್ಚುಕಟ್ಟು,
ಬೆಳಗ್ಗೆ ಅದರಲ್ಲೇ ಹೇತು ಎದ್ದುಹೋಗುವ ಧಾರಾಳ.
ದೊಡ್ಡ ಲದ್ದಿಯ ಪಕ್ಕ ಚಿಕ್ಕದಿದ್ದರೆ ತಾಯಿ.
ಬೆಳ್ಳಿಗೂದಲು ಅಂಟಿದ್ದರೆ ಯಜಮಾನ.
ಒಂದು ಮಂಗಳವಾರ ದೊಡ್ಡದರ ಪಕ್ಕ ಚಿಕ್ಕದಿರಲಿಲ್ಲ.
ಬುಧವಾರವೂ.
ಗುರುವಾರ ನಾನು ಎಣಿಸಲಿಲ್ಲ.

ವಾಸನೆ ಗೊತ್ತು: ಬೆವರು, ಹಸಿಸೊಪ್ಪು,
ನೆನೆದ ಕಂಬಳಿಯನ್ನು ಒಲೆಯ ಮುಂದೆ ಹರವಿದ ಹಾಗೆ.
ಗಂಟಲೊಳಗೇ ಗುರುಗುಡುವ ಸದ್ದು ಗೊತ್ತು,
ಊಟ ರುಚಿಸಿದಾಗ ನನ್ನ ಮಾವ ತೆಗೆಯುತ್ತಿದ್ದ ಸದ್ದಿಗೂ ಅದಕ್ಕೂ
ಕತ್ತಲಲ್ಲಿ ವ್ಯತ್ಯಾಸ ಹೇಳಲಾಗದು.
ಎದೆ ಬಡಿಯುವುದು ಬೇರೆ. ಅದು ಸಿಟ್ಟು, ಅನ್ನುತ್ತಾರೆ ಓದಿಬಂದವರು.
ನನಗೋ, ದೂರದಲ್ಲಿ ಯಾರೋ ಬೋರಲು ಪಾತ್ರೆ ಬಡಿದು
ಇಲ್ಲಿದ್ದೇನೆ ಇಲ್ಲಿದ್ದೇನೆ ಅಂದಂತೆ.
ನಾನೂ ಇದ್ದೇನೆ, ಅನ್ನುತ್ತೇನೆ,
ಚೀಲಗಳಿಗೆ ಕೇಳುವಷ್ಟು ಮಾತ್ರ.

ಒಂದು ಗಂಟೆ. ಮರಳುವಾಗ ಅವರ ಮುಖ ನೋಡಬೇಕು!
ನಾನು ನೋಡುವುದು ಅದನ್ನೇ.
ಕಳೆದ ಜೂನಿನಲ್ಲಿ ಒಬ್ಬಳು, ಆರಡಿ ಹೆಂಗಸು,
ನನ್ನ ಹೆಗಲಿಗೆ ಬಾಗಿ ಬಿಕ್ಕಿಬಿಕ್ಕಿ ಅತ್ತಳು.
ಅದು ನನ್ನನ್ನು ನೋಡಿತು, ನನ್ನನ್ನೇ ನೋಡಿತು, ಅಂದಳಂತೆ.
ಪಾಪ, ಅವಳ ಊರಲ್ಲಿ ಯಾರೂ ನೋಡುವುದಿಲ್ಲವೇನೋ.

ಮೊನ್ನೆ ಭಾನುವಾರ, ಕೆಲಸವಿರಲಿಲ್ಲ.
ಚಹಾದ ಸಾಲು ದಾಟಿ ಬಂದು, ಒಬ್ಬನೇ,
ನನ್ನ ಬಾಳೆಯ ನಡುವೆ ಬೆನ್ನು ಹಾಕಿ ಕೂತಿದ್ದ.
ಮಂಜು ಬಿದ್ದ ಬಂಡೆ ಅಂದುಕೊಂಡೆ.
ನಮ್ಮ ತೋಟದಲ್ಲಿ ಬಂಡೆಯೇ ಇಲ್ಲವಲ್ಲ ಅಂತ ಆಮೇಲೆ ಹೊಳೆಯಿತು.
ಗೊನೆ ಮುಟ್ಟಿರಲಿಲ್ಲ. ಪಕ್ಕಕ್ಕೆ ಸರಿಸಿಟ್ಟು,
ಕಂಬ ಸೀಳಿ, ಪದರ ಪದರ ಬಿಡಿಸಿ,
ಒಳಗಿನ ಬಿಳಿ ದಿಂಡನ್ನಷ್ಟೇ ಕಚಕ್ ಕಚಕ್ ಅಗಿಯುತ್ತ,
ಅವಸರವಿಲ್ಲದೆ, ಮದುವೆಮನೆಯ ಹಿರಿಯರು ಉಣ್ಣುವಂತೆ.
ಹದಿನಾಲ್ಕು ಗಿಡ.
ಮಗಳು ಕೊಬುಸಿಂಗೆಯ ಶಾಲೆಯ ಎರಡನೇ ಕಂತು.

ಕೈಯಲ್ಲಿ ಗುದ್ದಲಿ. ಮುಖಕ್ಕೆ ಬಟ್ಟೆಯಿರಲಿಲ್ಲ.
ಎಷ್ಟು ದೂರ ನಿಲ್ಲಬೇಕೆಂದು ನಮಗೆ ಹೇಳಿದ್ದಾರೆ,
ಅವನಿಗೆ ಯಾರು ಹೇಳಿದ್ದಾರೆ?
ಕೂಗಬಹುದಿತ್ತು, ಕಾವಲಿನ ಹುಡುಗರು ಬಂದು
ಕಾಡಿಗೆ ತಿರುಗಿಸುತ್ತಿದ್ದರು.
ತಡಿ, ಅಂದುಕೊಂಡೆ. ನನ್ನ ಪಾಲಿನ ಗಂಟೆ ಇದು.
ಟಿಕೀಟಿಗೆ ಹದಿನಾಲ್ಕು ಗಿಡ, ಆಗಲೇ ಕಟ್ಟಿಯಾಗಿದೆ.

ತಿರುಗಿದ. ಮೂಗಿನ ಮೇಲೆ ಹಳೆಯ ಗಾಯ,
ಗದ್ದದಿಂದ ಇಳಿಯುವ ರಸ.
ನನ್ನನ್ನು ನೋಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನೋಡಲಿಲ್ಲ.
ನನ್ನ ಪಕ್ಕದ ಗಿಡವನ್ನು ನೋಡಿದ.
ಬಂದ, ಮುರಿದ, ಅಲ್ಲೇ ಕೂತ,
ಉಸಿರು ಮೊಣಕೈಗೆ ಬಿಸಿಯಾಗಿ ತಾಗುವಷ್ಟು ಹತ್ತಿರ.
ನಾನು ಗುದ್ದಲಿಯನ್ನು ಹಿಡಿದಿದ್ದೆನೋ, ಗುದ್ದಲಿ ನನ್ನನ್ನೋ.
ಆಮೇಲೆ ಗಂಟಲೊಳಗೆ ಆ ಗುರುಗುರು.

ಮಾವ ಸತ್ತು ಒಂಬತ್ತು ವರ್ಷ.
ತಿನ್ನಿ, ಅಂದೆ, ಬಾಯಿತಪ್ಪಿ,
ಬಹುವಚನದಲ್ಲಿ.

ಹುಡುಗರು ಬಂದದ್ದು ಬಿಸಿಲೇರಿದ ಮೇಲೆ.
ಎಷ್ಟು ಹೋಯಿತು, ಕೇಳಿದರು, ಪುಸ್ತಕ ತೆರೆದು.
ಹದಿನಾಲ್ಕು, ಅಂದೆ.
ಇಲ್ಲಿ ಹದಿನೈದಿವೆ, ಅಂದ ಒಬ್ಬ, ಬೆರಳು ಮಡಚಿ ಎಣಿಸುತ್ತ.
ಅದು ಬಿಡು, ಅಂದೆ. ಅದು ನಾನು ಬಡಿಸಿದ್ದು.