ಹದಿನಾಲ್ಕನೇ ಮಂಚ

ಗುರುವಾರ ಮೂರೂವರೆಗೆ, ಊಟದ ಗಾಡಿ ಗಡಗಡಿಸಿ ಹೋದ ಮೇಲೆ,
ನನ್ನ ಪಾಳಿ.
ಎದೆಯಲ್ಲಿ ಇಗರ್ಜಿಯವರು ಕೊಟ್ಟ ಬಿಲ್ಲೆ: ಇನಾಸ್ ರೊಡ್ರಿಗಿಸ್, ಭೇಟಿಗಾರ.
ಮೂವತ್ತೊಂದು ವರ್ಷ ಕಾರವಾರದ ಅಂಚೆ ಕಚೇರಿಯಲ್ಲಿ
ಕಾಗದ ವಿಂಗಡಿಸಿದ ಕೈ ಇದು.
ಇಲ್ಲಿ ಮಾತ್ರ, ಯಾರ ಸಂಕಟ ಯಾವ ಗೂಡಿಗೆ ಎಂದು
ಇನ್ನೂ ತಿಳಿದಿಲ್ಲ.

ಸಿಸ್ಟರ್ ಪಿಯೆದಾದ್ ಕಲಿಸಿದ್ದರು:
ಮಂಚದ ಮೇಲೆ ಕೂರಬೇಡಿ.
ಗುಣವಾಗುತ್ತದೆ ಎನ್ನಬೇಡಿ, ಆಗುವುದಿಲ್ಲ ಎಂದೂ ಎನ್ನಬೇಡಿ.
ನಿಮ್ಮ ದೇವರನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿ.
ಆಮೇಲೆ ತಾವೇ ನಕ್ಕು,
ಬಿಟ್ಟರೂ ಬರ್ತಾನೆ, ಅವನಿಗೆ ಪಾಸು ಬೇಡ, ಅಂದಿದ್ದರು.

ಹದಿನಾಲ್ಕನೇ ಮಂಚ. ಖೇಮು ಹರಿಕಂತ್ರ.
ರಂಪಣಿ ಬಲೆ ಎಳೆದ ಹೆಗಲು ಈಗ
ಅಂಗಿ ಒಣಹಾಕುವ ಹ್ಯಾಂಗರು.
ಮೂಗಿಗೆ ನಳಿಗೆ, ಹತ್ತೊಂಬತ್ತು ದಿನ.
ಪ್ರಾರ್ಥನೆ ಬೇಕೇ ಎಂದು ಕೇಳುವಷ್ಟರಲ್ಲಿ ಅವನೇ ಕೇಳಿದ:
"ಪೋಸ್ಟಿನವ್ರೇ, ಸಮುದ್ರ ಯಾವ ಬದಿಗದೆ?"

ಕಿಟಕಿಗೆ ಹಾಲುಗಾಜು. ಆಚೆ ಜನರೇಟರಿನ ಗುಡುಗುಡು.
ಫಿನಾಯಿಲ್ಲಿನ ಮುಂದೆ ಉಪ್ಪುಗಾಳಿ ಸೋತಿತ್ತು.
ಕೈ ತೋರಿಸಿದೆ. ಅವನು ತಲೆಯಾಡಿಸಿದ:
"ಅದಲ್ಲ. ನಮ್ಮ ಸಮುದ್ರ."

ಬಿಣಗಾ ಘಟ್ಟದಾಚೆಯ ಮುಳ್ಳೆಕೇರಿ.
ನೌಕಾನೆಲೆಯ ಬೇಲಿ ಬಂದಾಗ
ಊರನ್ನು ಲಾರಿಗೆ ತುಂಬಿದರು, ಕೊನೆಯ ಲಾರಿಗೆ ಜಟಗನ ಕಲ್ಲನ್ನು.
"ದೇವರಿಗೂ ಒಂದು ಸೈಟು ಕೊಟ್ರು, ನೀರಿನ ಟಾಕಿ ಬುಡಕ್ಕೆ.
ಹೋಗಿ ಕೈ ಮುಗೀತೆ.
ಆದ್ರೆ ಕಣ್ಣು ಮುಚ್ಚಿದ್ರೆ ಅವ ಅಲ್ಲಿಲ್ಲ.
ಬೇಲಿ ಒಳಗೇ ಅವ್ನೆ, ಹಳೇ ಕಲ್ಲುಕಟ್ಟೆ ಮೇಲೆ,
ಸಮುದ್ರ ನೋಡ್ತಾ."

ನನ್ನ ಬಾಯಿ ಒಣಗಿತು.
ಮುಳ್ಳೆಕೇರಿಯ ಹೆಸರಿಗೆ ಬಂದ ಕಾಗದಗಳು ಗೊತ್ತು ನನಗೆ.
ಮನಿಯಾರ್ಡರು, ಲಗ್ನಪತ್ರ, ಮುಂಬಯಿ ಧಕ್ಕೆಯಿಂದ ಒಂದು ಕಾರ್ಡು.
ಒಂದೊಂದಕ್ಕೂ ನಾನೇ ಒತ್ತಿದ್ದೆ, ನೇರಳೆ ಶಾಯಿಯ ಮೊಹರು:
ವಿಳಾಸ ಅಸ್ತಿತ್ವದಲ್ಲಿಲ್ಲ.
ಇಡೀ ಒಂದು ಮಳೆಗಾಲ ಒತ್ತಿದೆ,
ಬೆರಳ ಸಂದಿಯ ಬಣ್ಣ ಅಗಸರ ಸೋಪಿಗೂ ಹೋಗಲಿಲ್ಲ.

ಹೇಳಿದೆ.
ಯಾವ ಪಾದ್ರಿಗೂ ಹೇಳಿರಲಿಲ್ಲ ಇದನ್ನು,
ಪಾಪದ ಪಟ್ಟಿಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ.
ಖೇಮು ಬಹಳ ಹೊತ್ತು ನಳಿಗೆಯೊಳಗೆ ಉಸಿರಾಡಿದ.
"ನಿಮ್ಮ ಕೆಲಸ ಅಲ್ದಾ ಅದು," ಅಂದ.
ಕ್ಷಮೆಯೋ, ಬರೀ ಮಾತೋ,
ಕೇಳುವ ಧೈರ್ಯ ಬರಲಿಲ್ಲ.

"ಹಾಗಾರೆ ನಿಮಗೆ ದಿಕ್ಕು ಗೊತ್ತದೆ. ತಿರುಗ್ಸಿ."

ನರ್ಸ್ ಶೈಲಾ ಪೆಡ್ನೇಕರ ಬೈದಳು,
ಮಂಚ ತಿರುಗಿಸುವುದೇ? ಆಕ್ಸಿಜನ್ ಪೈಪು ಸಾಲದು,
ಸಂಜೆ ರೌಂಡಿಗೆ ಡಾಕ್ಟರು ಬಂದರೆ ಯಾರು ಉತ್ತರ ಕೊಡುವುದು?
ಬೈಯುತ್ತಲೇ ಬಗ್ಗಿ ಪೈಪಿನ ಉದ್ದ ಅಳೆದಳು.
ಒಂದು ಮೊಳ ಸಿಕ್ಕಿತು.
ತುಕ್ಕು ಹಿಡಿದ ಗಾಲಿ ಕಿರ್ರೆಂದು ನೆಲ ಗೀರಿತು,
ಸಾಲಿನಲ್ಲಿ ನೆಟ್ಟಗಿದ್ದ ಹತ್ತು ಮಂಚಗಳ ನಡುವೆ
ಒಂದು ಮಾತ್ರ ಓರೆ, ಲಂಗರು ಜಗ್ಗಿದ ದೋಣಿಯಂತೆ.

ಅವನ ಎದುರಿಗೆ ಈಗ ಗೋಡೆ.
ಅದರ ಮೇಲೆ ಕೈ ತೊಳೆಯುವ ಏಳು ಹಂತಗಳ ಚಿತ್ರಪಟ.
ಅದರಾಚೆ ಬಟ್ಟೆ ಒಗೆಯುವ ಕೋಣೆ, ಹೆದ್ದಾರಿ, ಘಟ್ಟ, ಬೇಲಿ.
ಖೇಮು ಗೋಡೆಗೆ ಕೈ ಮುಗಿದ.
ನಾನು ಜೇಬಿನಲ್ಲಿ ಜಪಮಣಿ ಹಿಡಿದೆ, ಎಣಿಸಲಿಲ್ಲ.
ಹೊರಟಾಗ ಹೇಳಿದ, ನಮ್ಮವರು ಹೇಳುವ ಹಾಗೆ:
ದೇವ್ ಬರೆಂ ಕರುಂ.

ಮುಂದಿನ ಗುರುವಾರ ಹತ್ತೂ ಮಂಚ ನೆಟ್ಟಗಿದ್ದವು.
ಹದಿನಾಲ್ಕರಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿದ ಹುಡುಗ,
ಮೊಬೈಲಿನಲ್ಲಿ ಯಾರನ್ನೋ ಸುಡುತ್ತಿದ್ದ.
ಶೈಲಾ ಚಾರ್ಟಿನಿಂದ ಕಣ್ಣೆತ್ತದೆ, ಸೋಮವಾರ, ಅಂದಳು.
ಬೆಳಗಿನ ಜಾವ. ಮಂಚ ನಾನು ಸರಿಪಡಿಸಿರಲಿಲ್ಲ, ಆಮೇಲೇ.

ನೆಲದಲ್ಲಿ ಗಾಲಿಯ ಗೀರು, ಅರ್ಧ ಬಳೆಯಷ್ಟು.
ಅದರ ಮೇಲೆ ಕಾಲಿಡದೆ ನಿಂತೆ.

ಹದಿನೈದರ ಮುದುಕ ಕೆಮ್ಮಿ ಕರೆದ:
"ಓ ಬಿಲ್ಲೆಯವ್ರೇ,
ಉಗುರು ತೆಗೆಯೂದು ಏನಾದ್ರೂ ಅದ್ಯಾ ನಿಮ್ಮ ಹತ್ರ?"