ಐಸು ಕರಗುವ ದಾರಿ

ಬಿಣಗಾದಿಂದ ಬೈತಖೋಲಕ್ಕೆ ಐಸು ಹೊರುವ ಟೆಂಪೋ ನನ್ನದು.
ಸುರಂಗ ಹೊಕ್ಕರೆ ಒಂದು ಬೀಡಿಯಷ್ಟು ದೂರ.
ನಾನು ಹಳೆ ಘಟ್ಟ ಹತ್ತುತ್ತಿದ್ದೆ,
ಮೂರು ವರ್ಷ.
ಕೇಳಿದವರಿಗೆ ಕಾರಣಗಳಿದ್ದವು:
ಮೇಲೆ ಗಾಳಿ ಚಲೋ, ಎಂಜಿನ್ನಿಗೆ ಒಳ್ಳೆಯದು,
ತಿರುವಿನಲ್ಲಿ ದ್ವೀಪ ಕಾಣುತ್ತದೆ.

ನಡೆದದ್ದು ಇಷ್ಟೇ. ಒಂದು ಸಂಜೆ ಒಳಗೆ
ಲಾರಿಯೊಂದು ಕೆಟ್ಟು ನಿಂತಿತು.
ಹಿಂದೆ ಹಾರ್ನು, ಮುಂದೆ ಹೊಗೆ, ಲೈಟು ಹೋಯಿತು.
ಎದೆ, ಬುಟ್ಟಿಗೆ ಬಿದ್ದ ಬಂಗಡೆಯ ಹಾಗೆ ಬಡಿದುಕೊಂಡಿತು.
ಯಾರೂ ಸಾಯಲಿಲ್ಲ.
ಇಪ್ಪತ್ತು ನಿಮಿಷಕ್ಕೆ ದಾರಿ ಬಿಟ್ಟರು, ಎಲ್ಲರೂ ಮನೆಗೆ ಹೋದರು,
ನನ್ನದೊಂದು ಪಾಲು ಮಾತ್ರ ಒಳಗೇ ಉಳಿಯಿತು.

ಮರುದಿನ ಸುರಂಗದ ಬಾಯಿ ಕಂಡದ್ದೇ
ಸ್ಟೇರಿಂಗು ತಾನಾಗಿ ಹೊರಳಿತು
(ತಾನಾಗಿ ಎನ್ನುತ್ತೇನೆ).
ಘಟ್ಟದ ಮೊದಲ ತಿರುವಿನಲ್ಲಿ ಉಸಿರು ತಿಳಿಯಾಯಿತು.
ಆಹಾ, ಆ ಉಸಿರು!
ಬೆಕ್ಕಿಗೆ ಒಮ್ಮೆ ಮೀನಿನ ತಲೆ ಎಸೆದು ನೋಡಿ,
ನಾಳೆ ಅದೇ ಹೊತ್ತು, ಅದೇ ಬಾಗಿಲು.
ನನ್ನೊಳಗೆ ಓಡುವುದಕ್ಕೆ ದಿನಾ ಸಿಕ್ಕಿತು ಆ ತಲೆ.
ದಪ್ಪಗಾಯಿತು. ಸುರಂಗ ಸಾಲದೆ ಲಿಫ್ಟು ಕೇಳಿತು,
ಥಿಯೇಟರು ಕೇಳಿತು,
ಕೊನೆಗೆ ಚಿಲಕ ಹಾಕಿದ ಬಚ್ಚಲು.

ಐಸು ರಸ್ತೆಯುದ್ದ ಗೆರೆ ಎಳೆಯುತ್ತಿತ್ತು.
ಬೋಟಿನ ಸುಧಾಕರ ತಾಂಡೇಲ ಬಾಡಿಗೆಯಲ್ಲಿ ಮುರಿದುಕೊಂಡ.
ಅದಕ್ಕೂ ನಾನು ಬಗ್ಗಲಿಲ್ಲ.
ಆಮೇಲೊಂದು ದಿನ ಶಾಲೆಯ ಅಕ್ಕೋರು ಹೇಳಿದರು:
ಪ್ರವಾಸದ ಬಸ್ಸು ಸುರಂಗ ಮುಟ್ಟುವ ಮೊದಲೇ
ನನ್ನ ಮಗಳು ಪ್ರಾಚಿ ಸೀಟಿನಡಿ ಹೋಗಿ ಕೂತಳಂತೆ.
ಅವಳ ಪಾಲಿಗೆ ಯಾವ ಲಾರಿಯೂ ಕೆಟ್ಟಿರಲಿಲ್ಲ.

ಆಸ್ಪತ್ರೆಯ ಹದಿನಾಲ್ಕನೇ ಕೋಣೆಯ ಲವೀನಾಬಾಯಿ
ಧೈರ್ಯ ಹೇಳಲಿಲ್ಲ. ಒಂದು ಹಾಳೆ ಕೊಟ್ಟು
ಹೆದರಿಕೆಗೆ ನೂರಕ್ಕೆ ಅಂಕ ಹಾಕು ಅಂದರು.
ಎಸ್ಸೆಸ್ಸೆಲ್ಸಿಯಲ್ಲೂ ಕಾಣದ ಅಂಕ ಹಾಕಿದೆ: ತೊಂಬತ್ತೈದು.
“ಭರತ ಏರುತ್ತದೆ. ಓಡಿದವನಿಗೆ
ಅದು ಇಳಿಯುವುದೂ ಉಂಟು ಅಂತ ಗೊತ್ತೇ ಆಗುವುದಿಲ್ಲ.”

ಮೊದಲ ವಾರ ಸುರಂಗದ ಎದುರು ಟೆಂಪೋ ನಿಲ್ಲಿಸಿ
ಸುಮ್ಮನೆ ಕೂತೆ, ಅಂಕ ಇಳಿಯುವ ತನಕ.
ಪೊಲೀಸ ಬಂದು ಲೈಸೆನ್ಸು ಕೇಳಿದ.
ಆಮೇಲೆ ತಮ್ಮನ ಬೈಕಿನ ಹಿಂದೆ.
ಆಮೇಲೆ ಟೆಂಪೋದಲ್ಲಿ, ಒಬ್ಬನೇ,
ಮುಷ್ಟಿಯಲ್ಲಿ ಮಂತ್ರಿಸಿದ ನಿಂಬೆಹಣ್ಣು.
“ನಿಂಬೆಹಣ್ಣು ದಾಟಿತು,” ಅಂದರು ಬಾಯಿ,
“ಇನ್ನು ನೀನು ದಾಟು.”

ಅದನ್ನು ಬಿಡುವುದು ಸುರಂಗಕ್ಕಿಂತ ಕಷ್ಟವಾಯಿತು.
ಚೌತಿಯ ಹಿಂದಿನ ದಿನ ಮತ್ತೆ ಘಟ್ಟ ಹತ್ತಿದೆ, ಸುಳ್ಳೇಕೆ.

ನಿನ್ನೆ ಪ್ರಾಚಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಕ್ಕೆ.
ನಡುವೆ ಅಂಗೈ ಬೆವರಿತು. ಎಪ್ಪತ್ತು, ಅಂದೆ ಜೋರಾಗಿ.
ಅವಳು ಕಣ್ಣು ಬಿಗಿದು, ತೊಂಬತ್ತು, ಅಂದಳು.
ನಿಧಾನ ಹೊಡೆದೆ. ಅರವತ್ತು.
ಅವಳು ಒಂದು ಕಣ್ಣು ತೆರೆದು
ಗೋಡೆಯ ಲೈಟು ಎಣಿಸತೊಡಗಿದಳು.

ಧಕ್ಕೆಯಲ್ಲಿ ತಾಂಡೇಲ ಐಸು ಮುಟ್ಟಿ ಹುಬ್ಬೇರಿಸಿದ.
ಮೂಲೆಗಳು ಇನ್ನೂ ಚೂಪಾಗಿದ್ದವು.