ಬಚ್ಚಲ ಗಾಜು

ಸೊಹಾರಿನ ಆಗಸ್ಟು. ರಾತ್ರಿ ಹನ್ನೊಂದಕ್ಕೂ
ಪಾರ್ಕಿಂಗಿನ ದೀಪದಡಿ ಗಾಳಿ ಕುದಿಯುತ್ತದೆ,
ನಿಂತ ಕಾರು ನಿಂತಲ್ಲೇ ನಡುಗಿದ ಹಾಗೆ.

ಒಳಗೆ ಹದಿನೆಂಟು ಡಿಗ್ರಿ. ಸ್ವೆಟರು ತೊಟ್ಟ ಶಮ್ಸಾ
ಉಸಿರು ಬಿಗಿಹಿಡಿದು ಕನ್ನಡಿಯ ತಿರುಪು ತಿರುಗಿಸುತ್ತಾಳೆ.
ಮೇಜಿನ ಮೇಲೊಂದು ಕೆಂಪು ಗೆರೆ; ಅದರ ತುದಿಗೆ
ಹಳೆ ಜೇನಿನ ಬಣ್ಣದ ಪಾಲಿಮರು, ಕೂದಲೆಳೆ ದಪ್ಪ,
ಬೆಳಕು ಬಿದ್ದಲ್ಲೆಲ್ಲ ಒಳಗೊಳಗೇ
ಮಗ್ಗುಲು ಬದಲಿಸುವಂಥದು.

ಬೆಳಕನ್ನು ಕೆಡಿಸಲು ಏನಾದರೂ ಬೇಕಿತ್ತು.
ವಾಚ್‌ಮನ್ ಹಸನಬ್ಬ ತಂದುಕೊಟ್ಟ,
ಕ್ಯಾಂಪಿನ ಬಚ್ಚಲ ಕಿಟಕಿಯ ಚೂರು, ಗುಳಿಗುಳಿ ಗಾಜು:
"ಇದರಾಚೆ ನಿಂತದ್ದು ಮನುಷ್ಯನೋ ಬಕೆಟ್ಟೋ
ಗೊತ್ತಾಗುದಿಲ್ಲ ಮೇಡಂ."

ಜರ್ಮನಿಯಿಂದ ಬರಬೇಕಾದ ಗೆರೆಪಟ್ಟಿ
ಇನ್ನೂ ಕಸ್ಟಮ್ಸಿನಲ್ಲಿ. ಕಪ್ಪು ಫಿಲ್ಮಿನ ಮೇಲೆ
ಸೂಜಿಯಿಂದ ನಾನು ಕೆರೆದದ್ದು ಒಂದು ಳ.
ಒಂದು ಸುಳಿ ತಪ್ಪಿದರೂ ಕಣ್ಣಿಗೆ ಹೊಡೆಯುವ ಅಕ್ಷರ.
"ಬಸವನಹುಳವೇ?" ಅಂದಳು ಶಮ್ಸಾ.

ಗಾಜು ದಾಟಿದ ಳ
ಪರದೆಯ ಮೇಲೆ ಚೆಲ್ಲಿದ ಗಂಜಿ.

ಆಮೇಲೆ ಎದುರಿನಿಂದ ಇನ್ನೊಂದು ಕಿರಣ ಬಿಟ್ಟೆವು.
ಪಾಲಿಮರು ಆ ಗಂಜಿಯನ್ನು
ಸೋಸಲಿಲ್ಲ, ಬೈಯಲಿಲ್ಲ;
ಹಾಗೇ ಹಿಡಿದು, ಬೆನ್ನು ತಿರುಗಿಸಿ, ಬಂದ ದಾರಿಗೆ ಕಳಿಸಿತು.
ಅದೇ ಗಾಜು, ಅದೇ ಗುಳಿ, ಅದೇ ಗುಳ್ಳೆ.
ಬರುವಾಗ ಎಲ್ಲಿ ಎಷ್ಟು ಬಾಗಿತ್ತೋ
ಹೋಗುವಾಗ ಅಲ್ಲಿ ಅಷ್ಟೇ ನೆಟ್ಟಗಾಗುತ್ತ
ಹೊರಟಲ್ಲಿಗೇ ಬಂದು ನಿಂತಿತು ಳ,
ಬಾಲ ಸಮೇತ.

ಶಮ್ಸಾ ಚಪ್ಪಾಳೆ ಹೊಡೆಯಹೋಗಿ
ಮೇಜು ಅಲುಗೀತೆಂದು ಕೈ ತಡೆದಳು.

ಬಾಗಿಲಲ್ಲಿ ಹಸನಬ್ಬ.
"ಇದು ಕಣ್ಣಿಗೆ ಆಗ್ತದಾ? ನನ್ನ ಎಡಗಣ್ಣಲ್ಲಿ ಪೊರೆ ಉಂಟು."

ಸುಳ್ಳು ಹೇಳಬಹುದಿತ್ತು.
ಆಗುದಿಲ್ಲ ಹಸನಬ್ಬ, ಅಂದೆ. ಬೆಳಕು ಹಿಂದೆ ಹೋಗಿ ಸರಿಯಾಗುದು.
ಹೊರಗೆ ನಿಂತವರಿಗೆ ನೆಟ್ಟಗೆ ಕಂಡೀತು.
ಗಾಜಿನ ಒಳಗಿರುವ ನಿಮಗೆ ಅದೇ ಮಂಜು.

ಅವನು ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತ ನಿಂತ.
"ಹಾಗಾದರೆ ನೀವು ಹೊರಗಿದ್ದೀರಲ್ಲ,
ನೋಡಿ ಹೇಳಿ, ಒಳಗೆ ಎಂತ ಉಂಟು?"

ದೀಪ ಹಾಕಿದೆ. ಪಾಲಿಮರು
ಕಲಿತದ್ದನ್ನೆಲ್ಲ ಮೆಲ್ಲಗೆ ಮರೆಯತೊಡಗಿತು.
ನಾನು ಬಗ್ಗಿ ನೋಡಿದೆ:
ಹಾಲುಬಿಳುಪಿನ ಮೇಲೆ, ತುಸು ಬಾಗಿದ,
ನಮ್ಮ ಟ್ಯೂಬ್‌ಲೈಟು.

"ಗಾಜು ಕೊಡಿ," ಅಂದ. "ಬೆಳಿಗ್ಗೆ ನಾಲ್ಕಕ್ಕೆ
ಬಚ್ಚಲಿಗೆ ಜನ ಬರ್ತಾರೆ."